ಎಂಟು ತಾಸಿಗೊಂದು ರಾಶಿ

ಬೈಲಹೊಂಗಲದ ಕೃಷ್ಣಾಜಿಯವರು ಸುತ್ತಲಿನ ಹತ್ತೂರಿಗೆ ಲಗ್ನದ ಮುಹೂರ್ತ ತೆಗೆದುಕೊಡುವವರು. ಅಂಥವರು ಸ್ವಂತ ಮಗಳು ಭಾವನಾಳ ಲಗ್ನಕ್ಕೇ ಅಡ್ಡ ಕೂತಿದ್ದರು. ಹುಡುಗ ಅಭಿಜಿತ ರಾಮದುರ್ಗದವನು. ಅವನ ಅಜ್ಜಿ ಹಾಸಿಗೆ ಹಿಡಿದಿದ್ದಾಳೆ. ಮೊಮ್ಮಗನ ತಲೆಗೆ ಅಕ್ಷತೆ ಹಾಕಿಯೇ ಕಣ್ಣು ಮುಚ್ಚುತ್ತೇನೆ ಅನ್ನುತ್ತಾಳೆ. ವೈಶಾಖ ದಾಟುವುದು ಕಷ್ಟ ಅಂತ ಡಾಕ್ಟರು ಹೇಳಿಬಿಟ್ಟಿದ್ದಾರೆ. ಕೃಷ್ಣಾಜಿಯವರದು ಒಂದೇ ಮಾತು: ವೈಶಾಖದಲ್ಲಿ ಗುರು ಸೂರ್ಯನ ಹತ್ತಿರ ಹೋಗಿ ಅಸ್ತನಾಗುತ್ತಾನೆ, ಬಲ ಕಳೆದುಕೊಳ್ಳುತ್ತಾನೆ, ಆಗ ಲಗ್ನ ಕೂಡದು. ತುಳಸಿ ಲಗ್ನ ಮುಗಿಯಲಿ, ನೋಡೋಣ.

ಆ ಭಾನುವಾರ ಕೃಷ್ಣಾಜಿಯವರ ಹೆಂಡತಿ ರಾಧಾಬಾಯಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದರು. ಕಿತ್ತೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಭಾವನಾ ಅಪ್ಪನೆದುರು ಬಂದು ಕೂತಳು.

“ಅಪ್ಪಾ, ಗುರುಗ ಸೂರ್ಯನ ಸುತ್ತ ಒಂದು ಸುತ್ತ ಹಾಕಲಿಕ್ಕೆ ಎಷ್ಟ ದಿನಾ ಬೇಕು?”

“ದಿನಾ ಅಲ್ಲವ್ವಾ, ಹನ್ನೆರಡು ವರ್ಷ. ರಾಶಿಗೊಂದು ವರ್ಷ.”

“ದೂರದ ಒಂದು ನಕ್ಷತ್ರಕ್ಕ ನಮ್ಮ ಗುರುವಿನಂಥಾದ್ದ ದೊಡ್ಡ ಗ್ರಹ ಅದರಿ. ಅದು ನಾಲ್ಕ ದಿನದಾಗ ಸುತ್ತ ಮುಗಸ್ತದ.”

ಕೃಷ್ಣಾಜಿಯವರ ಹೆಬ್ಬೆರಳು ತಾನಾಗಿಯೇ ಬೆರಳ ಗೆಣ್ಣುಗಳ ಮೇಲೆ ಓಡಿತು. ನಡುವೆಯೇ ನಿಂತಿತು.

“ಎಂಟ ತಾಸಿಗೊಂದು ರಾಶಿ? ಗುರು? ನಾ ಬೆಳಗಾವಿಗೆ ಹೋಗಿ ಬರೂದ್ರಾಗ ಒಂದು ರಾಶಿ ದಾಟಿ ಕೂತಿರ್ತಾನ?”

“ಅಷ್ಟ ಹತ್ರ ಅದ. ಕಾದ ಹಂಚಿಗೆ ಮೈ ಹಚ್ಚಿದಂಗ. ಅದು ಸಿಕ್ಕಾಗ ವಿಜ್ಞಾನಿಗಳೂ ಲಗೂನ ನಂಬಲಿಲ್ಲ.”

“ಯಾರು ನೋಡ್ಯಾರ?”

“ಕಣ್ಣೀಲೆ ಯಾರೂ ನೋಡಿಲ್ರಿ. ಕೈ ಕೈ ಹಿಡಿದು ಗರಗರ ತಿರುಗಿ ಫುಗಡಿ ಆಡುವಾಗ ದಪ್ಪ ಹುಡುಗಿ ನಡುವ ಗಟ್ಟಿ ನಿಂತ್ರೂ, ಕೈ ಹಿಡಿದಾಕಿ ಜಗ್ಗಿದ ಕಡೆ ಒಂದೀಟು ವಾಲ್ತಾಳಲ್ಲ? ಆ ನಕ್ಷತ್ರನೂ ಹಂಗ ವಾಲತಿತ್ತು. ಯಾರೋ ಜಗ್ಗಲಿಕ್ಕೆ ಹತ್ಯಾರ ಅಂತ ಗೊತ್ತಾತು.”

ಕೃಷ್ಣಾಜಿ ಕನ್ನಡಕ ತೆಗೆದರು. ಒರೆಸಲೂ ಇಲ್ಲ, ತಿರುಗಿ ಹಾಕಿಕೊಳ್ಳಲೂ ಇಲ್ಲ.

“ಅಂದ್ರ ಆ ಗುರು ಯಾವಾಗ್ಲೂ ಅಸ್ತನ. ಉದಯನ ಇಲ್ಲ ಅವಗ.”

“ಅಯ್ಯ, ಪಾಪ! ಅಲ್ಲೆ ಯಾರಿಗೂ ಲಗ್ನನ ಇಲ್ಲ,” ಎಂದರು ರಾಧಾಬಾಯಿ. “ನಿಮ್ಮಂಥಾವ್ರು ಒಬ್ರು ಇದ್ರ ಸಾಕು, ಊರಿಗೆ ಊರ ಬ್ರಹ್ಮಚಾರಿ.”

“ಚ್ಯಾಷ್ಟಿ ಸಾಕು. ಅಲ್ಲಿದು ಅಲ್ಲೆ. ಇಲ್ಲೆ ಅಸ್ತದಾಗ ಆದ ಲಗ್ನ ಬಾಳಂಗಿಲ್ಲ.”

ರಾಧಾಬಾಯಿಯ ಕೈಯಲ್ಲಿ ಶೇಂಗಾಕಾಯಿ ಪಟ್ಟನೆ ಒಡೆಯಿತು. “ನಮ್ದು ಬಾಳೇದಲ್ರಿ.”

“ಏನಂದಿ?”

“ನಮ್ಮ ಲಗ್ನ ಆಗಿದ್ದು ಗುರು ಅಸ್ತದಾಗ. ಅತ್ತಿಯವರು ಸಾಯೂ ಮುಂದ ಹೇಳಿ, ನಿಮಗ ಹೇಳಬ್ಯಾಡ ಅಂತ ಆಣಿ ಹಾಕಿದ್ರು. ಮಂಡಿಗಿ ಮಾಡೋ ಆಚಾರ್ರು ಆ ವಾರ ಬಿಟ್ರ ಖಾಲಿ ಇರಲಿಲ್ಲಂತ. ‘ಗುರು ಎಲ್ಲಿ ಹೋಗ್ತಾನ, ಇಂಥಾ ಮಂಡಿಗಿಯವರು ಮತ್ತ ಸಿಗಂಗಿಲ್ಲ’ ಅಂದ್ರಂತ ಮಾವನವರು.”

ಆ ಮಂಡಿಗೆ! ಹಾಳೆಯಂತೆ ತೆಳ್ಳಗೆ, ಒಳಗೆ ತುಪ್ಪ ಸಕ್ಕರೆ. ಅದರ ಸುದ್ದಿಯನ್ನು ಕೃಷ್ಣಾಜಿ ಕಂಡಕಂಡವರಿಗೆಲ್ಲ ಇವತ್ತಿಗೂ ಹೇಳುತ್ತಿದ್ದರು. ಲಗ್ನದ ಹೊತ್ತಿಗೆ ಅವರು ಹುಬ್ಬಳ್ಳಿಯಲ್ಲಿ ಕಾರಕೂನ. ಪಂಚಾಂಗ ಹಿಡಿದದ್ದು ತಂದೆ ತೀರಿಕೊಂಡ ಮೇಲೆ. ಹಡೆದವರು ಇಟ್ಟ ಮುಹೂರ್ತವನ್ನು ಯಾರಾದರೂ ತಾಳೆ ನೋಡುತ್ತಾರೆಯೇ?

ಹೆಬ್ಬೆರಳು ಮತ್ತೆ ಗೆಣ್ಣು ಹುಡುಕಿತು. “ಮೂವತ್ತಾರು ವರ್ಷ. ಗುರುಂದು ಮೂರು ಸುತ್ತ. ಮತ್ತ ಅದ ವೈಶಾಖ...” ಗುರು ತಿರುಗಿ ತಿರುಗಿ ಅಲ್ಲಿಗೇ ಬಂದು ನಿಂತಿದ್ದ. ಇಷ್ಟು ಸಾದಾ ಲೆಕ್ಕ. ಹೆಂಡತಿಯನ್ನು ಈಗಷ್ಟೇ ಹೆಣ್ಣು ನೋಡಲು ಬಂದವರಂತೆ ನೋಡಿದರು.

“ಅಸ್ತ ಅದ ಅಂತ ಹೇಳಿ ಎಷ್ಟ ಮಂದೀನ್ನ ತಿರುಗಿಸಿ ಕಳಿಸೇನಿ ನಾ,” ಎಂದರು ಕಡೆಗೆ.

ಭಾವನಾ ಫೋನು ಹಚ್ಚಿ ಅಪ್ಪನ ಕೈಗೆ ಕೊಟ್ಟಳು. ಆ ಕಡೆ ಅಭಿಜಿತನ ತಂದೆ ಮುಕುಂದರಾಯರು.

“ನಮಸ್ಕಾರರಿ. ವೈಶಾಖದಾಗ ಮಾಡೂಣು. ಮುಹೂರ್ತ? ಮುಹೂರ್ತ ಇಲ್ರಿ. ಗುರು ಅಸ್ತ ಅದ, ಮುಚ್ಚಿ ಹೇಳಂಗಿಲ್ಲ ನಾ. ಆದ್ರೂ ಮಾಡೂಣು. ಅಜ್ಜ್ಯಾರಿಗೆ ಅಕ್ಷತಿ ಕಲಸಿಡಲಿಕ್ಕೆ ಹೇಳ್ರಿ. ಮಂಡಿಗಿಯವರನ್ನ ನಾ ಹುಡುಕ್ತೇನಿ.”

ರಾಮದುರ್ಗದ ಕಡೆ ಫೋನು ಕೆಳಗಿಟ್ಟು, ‘ಅವ್ವಾ, ಒಪ್ಪಿದ್ರು!’ ಅಂತ ಒದರುತ್ತ ಓಡಿದ ಸಪ್ಪಳ.

“ಹಲೋ? ಮುಕುಂದರಾಯರ? ಕೇಳಸ್ತದೇನ್ರಿ?”