ಇರುವೆ ಸತ್ತ ಹಾಲು

ಮೊಳಕಾಲ್ಮುರಿನ ನೇಕಾರರ ಕೇರಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ತಿಪ್ಪಕ್ಕನಿಗೆ ಕರೆ ಬರುತ್ತಿತ್ತು. ಅವಳು ಸೂಲಗಿತ್ತಿಯಲ್ಲ, ಐದು ಮಕ್ಕಳನ್ನು ಹೆತ್ತು ಸಾಕಿದ ಹಿರಿಯಳು. ಬಾಣಂತಿ ಏನು ತಿನ್ನಬೇಕು, ಕೂಸಿಗೆ ಎಷ್ಟು ಬಿಸಿಯ ನೀರು ಹುಯ್ಯಬೇಕು ಎಂಬಲ್ಲಿ ಅವಳ ಮಾತಿಗೆ ಎದುರಿರಲಿಲ್ಲ. ಕೆಟ್ಟ ಹೆಂಗಸೂ ಅಲ್ಲ. ಮಗ ಪಾತಣ್ಣನ ಹೆಂಡತಿ ಚಿತ್ತಮ್ಮ ಮೊದಲ ಸಲ ಬಸುರಿಯಾದಾಗ ರಾಟೆಯ ಮುಂದಿನಿಂದ ಅವಳನ್ನು ಎಬ್ಬಿಸಿ, ರೇಷ್ಮೆ ಸುತ್ತಲು ತಾನೇ ಕುಳಿತಳು. ಮುದ್ದೆಯ ಮೇಲೆ ತುಪ್ಪ ಸುರಿದು, "ತಿನ್ನೇ ಚಿತ್ತೀ, ನಾಚ್ಕೋಬ್ಯಾಡ. ಒಳಗಿರೋನು ನನ್ನ ಬೈತಾನೆ" ಎಂದು ಎದುರು ಕುಳಿತು ಉಣ್ಣಿಸಿದಳು.

ಇಂಥವಳ ಕೈಯಲ್ಲೇ ಚಿತ್ತಮ್ಮನ ಮೊದಲ ಕೂಸು ಹೋಯಿತು.

ಆ ಕೇರಿಯಲ್ಲಿ ಹೆತ್ತ ಮೂರು ದಿನ ತಾಯಿ ಹಾಲೂಡುವಂತಿರಲಿಲ್ಲ. ಮೊದಲ ಹಾಲು ಹಳದಿ, ಅಂಟು; ಒಂಬತ್ತು ತಿಂಗಳು ಒಳಗೆ ನಿಂತು ಕೆಟ್ಟದ್ದು ಎಂದು ಅದನ್ನು ಹಿಂಡಿ ಚೆಲ್ಲುತ್ತಿದ್ದರು. ಕೂಸಿನ ಬಾಯಿಗೆ ಮೊದಲು ಹರಳೆಣ್ಣೆ, ಆಮೇಲೆ ಬೆಲ್ಲದ ನೀರಿನಲ್ಲಿ ಅದ್ದಿದ ಬಟ್ಟೆಯ ಬತ್ತಿ. ನಾಲ್ಕನೆಯ ದಿನ ಹಾಲಿನ ಪರೀಕ್ಷೆ. ಬಟ್ಟಲಿಗೆ ನಾಲ್ಕು ಹನಿ ಹಿಂಡಿ ಅದರಲ್ಲೊಂದು ಇರುವೆ ಬಿಡುವುದು. ಇರುವೆ ಹೊರಗೆ ಹತ್ತಿ ಬಂದರೆ ಹಾಲು ಒಳ್ಳೆಯದು, ಸತ್ತರೆ ವಿಷ.

ಚಿತ್ತಮ್ಮನ ಬಟ್ಟಲಿನಲ್ಲಿ ಇರುವೆ ಸತ್ತಿತು. ಐದನೆಯ ದಿನವೂ ಸತ್ತಿತು. ಅಷ್ಟರಲ್ಲಿ ಆ ಗಂಡುಕೂಸು ಅಳುವುದನ್ನೇ ಬಿಟ್ಟಿತ್ತು. "ಎಷ್ಟು ಸಮಾಧಾನದ ಕೂಸು!" ಎಂದರು ನೋಡಲು ಬಂದವರು. ಏಳನೆಯ ದಿನ ಬೆಳಿಗ್ಗೆ ಅದು ಕಣ್ಣು ತೆರೆಯಲಿಲ್ಲ.

"ಯಾರೂ ಇಲ್ದಾಗ ಒಂದು ಹನಿ ಕುಡಿಸಿರ್ತಾಳೆ" ಎಂದು ಯಾರೋ ಅಂದರು. ಚಿತ್ತಮ್ಮ ಕುಡಿಸಿರಲಿಲ್ಲ. ಆದರೆ ಪಕ್ಕದಲ್ಲಿ ಮಲಗಿದ್ದಾಗ ಹಾಲು ಸೋರಿ ಒದ್ದೆಯಾದ ಸೆರಗು ಕೂಸಿನ ತುಟಿಗೆ ತಗುಲಿತ್ತೇನೋ ಎಂಬ ಭಯ ಅವಳೊಳಗೆ ಹೊಕ್ಕು ಕುಳಿತಿತು. ಅಂದಿನಿಂದ ನೆರೆಮನೆಯ ಮಗುವನ್ನು ಯಾರಾದರೂ ಮಡಿಲಿಗೆ ಹಾಕಲು ಬಂದರೆ ಅವಳು ಮೈಯನ್ನೇ ಹಿಂದಕ್ಕೆ ಎಳೆದುಕೊಳ್ಳುವಳು.

ಓದುವವರು ಇದನ್ನು ತಿಳಿಯದವರ ಹುಚ್ಚೆಂದು ನಗಬಾರದು. ತನ್ನ ಎದೆಗೆ ತಾನೇ ಹೆದರುವ ತಾಯಿಯನ್ನು ನೋಡಿದವರಿಗೆ ನಗು ಬರುವುದಿಲ್ಲ.

ಎರಡು ವರ್ಷದ ಮೇಲೆ ಎರಡನೆಯ ಹೆರಿಗೆಯ ನೋವು ಎದ್ದಿತು. ದಿನ ಕಳೆದರೂ ಕೂಸು ಬರಲಿಲ್ಲ. ತಿಪ್ಪಕ್ಕ ಬೇಡವೆಂದರೂ ಪಾತಣ್ಣ ಗಾಡಿ ಕಟ್ಟಿಸಿದ. ತಳಕು ದಾಟಿ ಚಳ್ಳಕೆರೆಯ ಆಸ್ಪತ್ರೆ ಸೇರುವವರೆಗೆ ತಿಪ್ಪಕ್ಕ ಸೊಸೆಯ ತಲೆಯನ್ನು ತೊಡೆಯಿಂದ ಇಳಿಸಲಿಲ್ಲ. ಜಟಿಂಗ ರಾಮೇಶ್ವರನಿಗೆ ಹರಕೆಯ ಮೇಲೆ ಹರಕೆ ಹೊತ್ತಳು. ಆಸ್ಪತ್ರೆಯಲ್ಲಿ ಹೆಂಗಸರಿಗೆಂದು ಎರಡು ಮಂಚದ ಕೋಣೆಯೊಂದಿತ್ತು. ಹೆರಿಗೆ ಮಾಡಿಸುವ ನರ್ಸು ಜಗದಾಂಬ, ಮೈಸೂರಿನಲ್ಲಿ ಆ ಕೆಲಸ ಕಲಿತು ಬಂದ ಬಾಲವಿಧವೆ. ಜೊತೆಗೆ ಆಯಾ ಸಕೀನಾ ಬೀ.

ಹೊತ್ತೇರುವ ವೇಳೆಗೆ ಹೆಣ್ಣುಕೂಸು ಹುಟ್ಟಿತು. ಜಗದಾಂಬ ಅದನ್ನು ಒರೆಸಿ ತಾಯಿಯ ಎದೆಗೆ ತಂದಳು. ಚಿತ್ತಮ್ಮ ಎರಡೂ ಕೈ ಅಡ್ಡ ಹಿಡಿದು ಚೀರಿದಳು.

"ಬ್ಯಾಡ್ರಿ! ನನ್ ಹಾಲಾಗೆ ವಿಷ ಐತೆ! ಸಾಯ್ತೈತೆ!"

"ಯಾರಮ್ಮಾ ಹಾಗೆ ಹೇಳಿದ್ದು?"

"ನಾನು" ಎಂದಳು ತಿಪ್ಪಕ್ಕ. "ಬರೀ ಬಾಯಿಮಾತಲ್ಲ ನರ್ಸಮ್ಮ, ಕಣ್ಣಾರೆ ತೋರಿಸ್ತೀನಿ."

ಬಟ್ಟಲಿಗೆ ನಾಲ್ಕು ಹನಿ ಹಳದಿ ಹಾಲು ಬಿತ್ತು. ತಿಪ್ಪಕ್ಕ ಹೊಸ್ತಿಲಿನಿಂದ ಇರುವೆಯೊಂದನ್ನು ಹಿಡಿದು ತಂದು ಅದರಲ್ಲಿ ಬಿಟ್ಟಳು. ಅದು ಎರಡು ಸಲ ಕಾಲಾಡಿಸಿ ನಿಂತುಹೋಯಿತು. ಚಿತ್ತಮ್ಮ ಮುಖವನ್ನು ಗೋಡೆಗೆ ತಿರುಗಿಸಿದಳು.

"ನೋಡಿದ್ರಾ?"

"ಅಯ್ಯೋ ಅಕ್ಕಾ, ಇರುವೆಗೇನು ಈಜು ಬರ್ತೈತಾ?" ಎಂದಳು ಸಕೀನಾ ಬೀ.

ಜಗದಾಂಬ ನಗಲಿಲ್ಲ. ಕೂಸಿಗೆಂದು ತಿಪ್ಪಕ್ಕ ತಂದಿದ್ದ ಹರಳೆಣ್ಣೆಯ ಬಟ್ಟಲನ್ನು ತಾನೇ ಎತ್ತಿಕೊಂಡು ಅದರಲ್ಲೂ ಒಂದು ಇರುವೆ ಬಿಟ್ಟಳು. ಅದು ಕಾಲನ್ನೇ ಆಡಿಸಲಿಲ್ಲ.

"ಇದ್ಯಾವ ಆಟ?" ತಿಪ್ಪಕ್ಕ ರೇಗಿದಳು. "ಎಣ್ಣೇಗೆ ಬಿದ್ರೆ ಸಾಯ್ದೆ ಇರ್ತೈತಾ? ಅಂಟ್ಕೊಂಡು ಸಾಯ್ತೈತೆ!"

"ಅಂಟಿಕೊಂಡು ಸಾಯುತ್ತೆ ಅಂತ ನೀವೇ ಹೇಳಿದ್ರಿ. ಆ ಹಾಲೂ ಅಂಟೇ ಅಲ್ವಾ? ಹೋಗಲಿ, ಹಸು ಈದಾಗ ಮೊದಲ ಹಾಲು ಏನು ಮಾಡ್ತೀರಿ?"

"ಬೆಲ್ಲ ಹಾಕಿ ಗಿಣ್ಣು ಕಾಯಿಸ್ತೀವಿ."

"ಕರುವಿಗೆ?"

"ಅದಕ್ಕೆ ಬಿಡ್ದಿದ್ರೆ ಕರು ಕಾಲೂರ್ತೈತೇನ್ರಿ?" ಮಾತು ಬಾಯಿಂದ ಜಾರಿದ ಮೇಲೆ ತಿಪ್ಪಕ್ಕನಿಗೆ ಅದರ ತಿರುವು ಹೊಳೆಯಿತು. ಮುಖ ಕೆಂಪಾಯಿತು. "ನನ್ ಸೊಸೆ ಹಸುವೇನು? ಒಂದೂ ಹೆರದೋರು ನಂಗೆ ಕೂಸು ಸಾಕೋದು ಕಲಿಸ್ತಾರೆ!"

ಜಗದಾಂಬಳ ಮುಖ ಸಣ್ಣದಾಯಿತು. ದನಿ ಮಾತ್ರ ಏರಲಿಲ್ಲ. "ನಾನು ಹೆತ್ತಿಲ್ಲ ತಿಪ್ಪಕ್ಕ. ಹೆತ್ತವರು ಮಣ್ಣು ಮಾಡಿ ಬರೋದನ್ನ ನೋಡಿದ್ದೀನಿ."

ಆಮೇಲೆ ಅವಳು ಮಂಚದ ಬಳಿ ಬಗ್ಗಿದಳು. "ಚಿತ್ತಮ್ಮ, ನಾನು ಬಲವಂತ ಮಾಡೋದಿಲ್ಲ. ಕೇಳಿಟ್ಟುಕೋ. ಕೂಸಿನ ಹೊಟ್ಟೆ ನಿನ್ನ ಹೊಟ್ಟೆಗೆ ತಾಗಬೇಕು. ತೊಟ್ಟು ಮಾತ್ರ ಅಲ್ಲ, ಸುತ್ತಲಿನ ಕಪ್ಪೂ ಅದರ ಬಾಯೊಳಗೆ ಹೋಗಬೇಕು. ನಿನ್ನ ಹೆದರಿಕೆ ಹೋಗಲಿ ಅಂತ ಕೂಸು ಕಾಯೋದಿಲ್ಲ. ಹೆದರ್ಕೊಂಡೇ ಕುಡಿಸು."

ಆ ದಿನ ಅವಳು ನಾಲ್ಕು ಸಲ ಬಂದು ಹೇಳಿದಳು. ನಾಲ್ಕು ಸಲವೂ ಚಿತ್ತಮ್ಮ ಬೇಡವೆಂದು ತಲೆಯಾಡಿಸಿಬಿಟ್ಟಳು. ಇರುವೆ ಬಿದ್ದ ಎಣ್ಣೆಯನ್ನು ಚೆಲ್ಲಿ ತಿಪ್ಪಕ್ಕ ಬೆಲ್ಲದ ನೀರಿನ ಬತ್ತಿ ಕೊಟ್ಟಳು. ಕೂಸು ಬತ್ತಿಯನ್ನು ಚೀಪಿ, ಅತ್ತು, ಮತ್ತೆ ಚೀಪಿತು. ಪ್ರತಿ ಅಳುವಿಗೂ ಚಿತ್ತಮ್ಮನ ಎದೆ ಕಲ್ಲಾಗಿ ನೋಯುತ್ತಿತ್ತು. ಸೋರಿದರೆ ಕೂಸಿಗೆ ತಗುಲೀತೆಂದು ಅವಳು ಎರಡು ಬಟ್ಟೆ ಬಿಗಿದುಕೊಂಡಳು.

ಮರುದಿನ ಮಧ್ಯಾಹ್ನ ಅಳು ನಿಂತಿತು.

ತಿಪ್ಪಕ್ಕ ಬಗ್ಗಿ ನೋಡಿ ಸೊಸೆಯ ಕಡೆ ನಕ್ಕಳು. "ಎಷ್ಟು ಸಮಾಧಾನದ ಕೂಸು!"

 ಚಿತ್ತಮ್ಮ ಕೈ ಚಾಚಿ ಕೂಸಿನ ತುಟಿ ಮುಟ್ಟಿದಳು. ಒಣಗಿತ್ತು. ಒಳಗೆ ಬೆರಳಿಟ್ಟಳು, ಅಲ್ಲೂ ತೇವವಿರಲಿಲ್ಲ. ಈ ಒಣಬಾಯಿಯನ್ನು ಅವಳ ಬೆರಳು ಬಲ್ಲದು. ಆ ಗಂಡುಕೂಸಿನ ಬಾಯಿಯೂ ಹೀಗೆಯೇ ಇತ್ತು, ಕಣ್ಣು ತೆರೆಯದ ಆ ಬೆಳಿಗ್ಗೆ.

"ನರ್ಸಮ್ಮ ಎಲ್ಲಿ?"

"ದೊಡ್ಡಉಳ್ಳಾರ್ತಿಗೆ ಹೋದ್ಳು, ಯಾರಿಗೋ ನೋವಂತೆ. ನೀನು ಮಲಕ್ಕೋ. ಬೆಲ್ಲದ ನೀರು ತರ್ತೀನಿ."

ತಿಪ್ಪಕ್ಕ ಹೊರಗೆ ಹೋದಳು. ಚಿತ್ತಮ್ಮ ಬಟ್ಟೆ ಬಿಚ್ಚಿದಳು. ಗಂಟು ಬೇಗ ಸಡಿಲವಾಗಲಿಲ್ಲ. ಕೂಸನ್ನು ಹೊಟ್ಟೆಗೆ ಹೊಟ್ಟೆ ಒತ್ತಿ ಹಿಡಿದಳು. ಬಾಯಿ ಜಾರಿತು. ಮತ್ತೆ ಇಟ್ಟಳು, ಮತ್ತೆ ಜಾರಿತು. ಮೂರನೆಯ ಸಲ ಬಾಯಿ ಅಗಲವಾಗಿ ತೆರೆಯುವವರೆಗೆ ಕಾದು ಹತ್ತಿರ ಸೆಳೆದಳು. ಕೂಸು ಕಚ್ಚಿ ಹಿಡಿಯಿತು. ಅವಳು ಅದರ ಉಗುರುಗಳನ್ನೇ ನೋಡುತ್ತಿದ್ದಳು, ನೀಲಿಯಾಗುತ್ತವೆಯೋ ಎಂದು.

"ಏನ್ ಮಾಡ್ತಿದ್ದೀಯೇ! ತೆಗಿ! ತೆಗಿಯೇ!" ಬಾಗಿಲಲ್ಲಿ ತಿಪ್ಪಕ್ಕನ ಕೈಯಿಂದ ನೀರಿನ ಚೊಂಬು ಬಿತ್ತು. ಓಡಿಬಂದು ಕೂಸಿಗೆ ಕೈ ಹಾಕಿದಳು.

"ಮುಟ್ಟಬ್ಯಾಡ್ರಿ ಅತ್ತಮ್ಮ."

ಈ ಸೊಸೆಯಿಂದ ಅಂಥ ದನಿಯನ್ನು ತಿಪ್ಪಕ್ಕ ಕೇಳಿರಲಿಲ್ಲ. "ಸತ್ರೆ?"

"ಸತ್ರೆ ಕುಡ್ಕೊಂಡು ಸಾಯ್ಲಿ. ಹಸ್ಕೊಂಡು ಸಾಯೋದು ಬ್ಯಾಡ."

ಇಬ್ಬರೂ ಕಾದರು. ಸಾವನ್ನು ಕಾಯುವಂತೆಯೇ ಕಾದರು. ಕೂಸಿನ ಗಂಟಲಲ್ಲಿ ಗುಟುಕಿನ ಸಣ್ಣ ಸದ್ದು ಕೇಳಿತು. ಮತ್ತೊಂದು. ಮತ್ತೊಂದು. ಉಗುರುಗಳು ಕೆಂಪಗೇ ಇದ್ದವು. ಮುಚ್ಚಿದ್ದ ಪುಟ್ಟ ಮುಷ್ಟಿ ಮೆಲ್ಲಗೆ ಬಿಚ್ಚಿಕೊಂಡಿತು.

ತಿಪ್ಪಕ್ಕ ನೆಲದ ಮೇಲೆ ಕುಳಿತಳು. ಅವಳಿಂದ ಹೊರಟ ಮಾತು ಪಿಸುದನಿಯಲ್ಲಿತ್ತು.

"ಇದು ಬದುಕಿದ್ರೆ... ಅವನು ಹಾಲಿಂದ ಹೋಗ್ಲಿಲ್ಲ ಅಂತಾಯ್ತಲ್ಲೇ ಚಿತ್ತೀ. ಹಂಗಾರೆ ಅವನ್ನ ಹಸಿವಿನಾಗೆ ನಾನೇ..."

 ಚಿತ್ತಮ್ಮನಿಗೆ ಉಳಿದ ಮಾತು ಗೊತ್ತಿತ್ತು. ಅದು ಅವಳ ನಾಲಿಗೆಯ ತುದಿಗೂ ಬಂದಿತ್ತು. ಅವಳು ಅತ್ತೆಯ ಮುಖವನ್ನು ನೋಡಿದಳು. ಅದನ್ನು ಇನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

"ನನ್ ಕೈ ಸೋಲ್ತೈತೆ ಅತ್ತಮ್ಮ" ಎಂದಳು. "ಇದರ ತಲೆ ಸ್ವಲ್ಪ ಎತ್ತಿ ಹಿಡೀರಿ."

ತಿಪ್ಪಕ್ಕ ಮಂಡಿಯೂರಿ ಬಂದಳು.  ಕೂಸಿನ ತಲೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದಳು.