ಹಳದಿ ಪಟ್ಟಿ

"ಎಲ್ಲಿಗೆ ನಿಲ್ಲಿಸಿದ್ದಾಳೋ ಗೊತ್ತೇ ಆಗ್ತಿಲ್ವಲ್ಲಕ್ಕಾ!" ಮಗಳು ಟ್ಯಾಬಿನ ಪರದೆಯಲ್ಲಿದ್ದ ಹೆಣಿಗೆಯ ಮಾದರಿಯನ್ನು ಮೇಲೆ ಕೆಳಗೆ ಸರಿಸುತ್ತಲೇ ಇದ್ದಳು. ತೊಡೆಯ ಮೇಲೆ ಅಮ್ಮ ಹೆಣೆಯುತ್ತಿದ್ದ ಉಣ್ಣೆಯ ಶಾಲು; ಕ್ರೋಶಾ ಕಡ್ಡಿ ಇನ್ನೂ ಅದರ ಅಂಚಿಗೆ ಸಿಕ್ಕಿಕೊಂಡೇ ಇತ್ತು. ಪಕ್ಕದ ಕೋಣೆಯಲ್ಲಿ ಅಮ್ಮನ ದೇಹ. ನಾಲ್ಕಕ್ಕೆ ವ್ಯಾನು ಬರುವುದಿತ್ತು. ಅಷ್ಟರೊಳಗೆ ಶಾಲು ಮುಗಿಸಿ, ಅದನ್ನೇ ಹೊದಿಸಿ ಕಳಿಸಬೇಕೆಂದು ಮಗಳ ಹಟ.

ಎದುರು ಮನೆಯ ಟೈಲರಕ್ಕ ಕನ್ನಡಕ ಏರಿಸಿಕೊಂಡು ನೋಡಿದಳು. "ಅಂಚಿಗೆ ಇಪ್ಪತ್ತು ಸಾಲು ಅಂತಿದೆ. ಈ ಜುಂಗು ಉಣ್ಣೇಲಿ ಎಣಿಸೋಕೂ ಆಗಲ್ವಲ್ಲೇ. ಎಷ್ಟಾಗಿದೆಯೋ ಆ ಮಹಾತಾಯಿಗೇ ಗೊತ್ತು."

"ಹಾಗೇ ಗಂಟು ಹಾಕ್ಬಿಡೇ, ಯಾರು ಎಣಿಸ್ತಾರೆ?" ಅಂದ ಬಾಗಿಲಲ್ಲಿ ನಿಂತಿದ್ದ ಅಣ್ಣ.

"ಅಮ್ಮ ಎಣಿಸ್ತಿದ್ಲು."



* * *

ಮೂವತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೇರೆಯವರ ಹಾಸಿಗೆಯ ಬಟ್ಟೆ ಮಡಿಚಿದವಳು ಅಮ್ಮ. ಊಟದ ಬಿಡುವು ಮಾತ್ರ ಅವಳದು. ಹೆಣಿಗೆಯ ಮಾಸಪತ್ರಿಕೆ ಬಿಚ್ಚಿಟ್ಟುಕೊಂಡು ಕೂತರೆ, ಒಂದೊಂದು ಸಾಲು ಮುಗಿದಾಗಲೂ ಪುಟದಲ್ಲಿ ಅದರ ಪಕ್ಕಕ್ಕೆ ಗುಂಡುಪಿನ್ನಿನಿಂದ ಒಂದು ತೂತು. ಹಳೆಯ ಸಂಚಿಕೆಗಳನ್ನು ಬೆಳಕಿಗೆ ಹಿಡಿದರೆ ಥೇಟು ಜರಡಿ.

ಪತ್ರಿಕೆಯವರು ಅಚ್ಚು ಹಾಕುವುದು ನಿಲ್ಲಿಸಿ, ಇನ್ನು ಪರದೆಯ ಮೇಲಷ್ಟೇ ಅಂದಾಗ, ಮಗಳೇ ಟ್ಯಾಬ್ ತಂದುಕೊಟ್ಟಿದ್ದಳು.

"ಇದಕ್ಕೆ ಎಲ್ಲೇ ಚುಚ್ಚೋದು?"

"ಅಯ್ಯೋ, ಚುಚ್ಚೋದೆಲ್ಲ ಇಲ್ಲಮ್ಮ! ಅಕ್ಷರ ಎಷ್ಟು ದೊಡ್ಡದು ಮಾಡ್ಕೋಬಹುದು ನೋಡು."

ದೊಡ್ಡ ಅಕ್ಷರ ಅಮ್ಮನಿಗೂ ಹಿಡಿಸಿತು, ಸುಳ್ಳು ಯಾಕೆ ಹೇಳಬೇಕು. ಆದರೆ ಚುಚ್ಚದೆ ಅವಳಿಗೆ ಲೆಕ್ಕ ನಿಲ್ಲದು. ಟ್ಯಾಬಿನ ಅಂಚಿಗೆ, ಆಚೆ ಚಾಚಿಕೊಳ್ಳುವ ಹಾಗೆ, ಚುಚ್ಚಲಿಕ್ಕೆಂದೇ ಹಳದಿ ಕಾಗದದ ಪಟ್ಟಿಯೊಂದನ್ನು ಅಂಟಿಸಿಕೊಂಡಳು.

ಹೋದ ಭಾನುವಾರ ಟ್ಯಾಬ್ ಒರೆಸುತ್ತಾ ಮಗಳು ಅದನ್ನು ಕಿತ್ತು, ಚಹಾಪುಡಿಯ ಚರಟ ತುಂಬಿದ ಬುಟ್ಟಿಗೆ ಎಸೆದಳು. "ಏನಮ್ಮಾ, ಇಷ್ಟು ಚೆನ್ನಾಗಿರೋದಕ್ಕೆ ಕಾಗದ ಮೆತ್ತಿದ್ದೀಯ!"

ಅಮ್ಮ ಬುಟ್ಟಿಯ ಕಡೆ ನೋಡಿದಳು.

* * *

"ನಾನೇ ಬಿಸಾಕಿದ್ದು ಅಕ್ಕಾ," ಅಂದಳು ಮಗಳು. "ಪುಸ್ತಕ ಆಗಿದ್ರೆ ಮುಟ್ತಿರಲಿಲ್ಲ. ಬೈದಿದ್ರೂ ಆಗ್ತಿತ್ತು. ಒಂದು ಮಾತೂ ಆಡಲಿಲ್ವಲ್ಲ ಅವಳು."

"ನಿನ್ನ ಹತ್ರ ಆಡಿರಲ್ಲ. ಅಷ್ಟಕ್ಕೆಲ್ಲ ಬಿಟ್ಟುಬಿಡೋ ಹೆಂಗಸಾ ಅದು?" ಟೈಲರಕ್ಕ ಉಣ್ಣೆಯ ಚೀಲವನ್ನು ಮಂಚದ ಮೇಲೆ ಬೋರಲು ಹಾಕಿದಳು. ಉಂಡೆಗಳು, ಕತ್ತರಿ, ಅಚ್ಚಾದ ಕೊನೆಯ ಸಂಚಿಕೆ. ಸಂಚಿಕೆಯ ನಡುವೆ ಹಳದಿ ಪಟ್ಟಿ, ಗುಂಡುಪಿನ್ನು ಸಮೇತ. ಪಟ್ಟಿಯ ತುಂಬ ಚಹಾದ ಕಲೆ. ಯಾರೋ ಒರೆಸಿ, ನೀವಿ, ಒಣಗಿಸಿದ್ದರು.

ಮಗಳು ಕಿಟಕಿಯ ಬೆಳಕಿಗೆ ಹಿಡಿದು ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಹತ್ತೊಂಬತ್ತು.

ಹೊರಗೆ ವ್ಯಾನು ಬಂದು ನಿಂತಿತು.

"ಅಣ್ಣಾ, ಒಂದೇ ಸಾಲು ಕಣೋ."

ಅಣ್ಣ ಹೊರಗೆ ಹೋಗಿ ಡ್ರೈವರಿಗೆ ಏನೋ ಹೇಳಿದ. ಇಂಜಿನ್ನು ಆರಿತು. "ನಿಧಾನಕ್ಕೆ ಮಾಡು," ಅಂದ ವಾಪಸು ಬಂದು. "ಕಾಯ್ತಾರಂತೆ."

ಮಗಳು ಕ್ರೋಶಾ ಕಡ್ಡಿ ಹಿಡಿದಳು. ಎರಡು ಸಲ ಬಿಚ್ಚಿ ಮತ್ತೆ ಹೆಣೆದಳು. ಗಂಟು ಹಾಕಿ ದಾರ ಕತ್ತರಿಸಿ, ಪಕ್ಕದ ಕೋಣೆಗೆ ಹೋಗಿ ಶಾಲನ್ನು ಅಮ್ಮನ ಗಲ್ಲದವರೆಗೆ ಎಳೆದು ಹೊದಿಸಿದಳು. ವ್ಯಾನಿನವರು ಎತ್ತಲು ಬಗ್ಗಿದರು.

"ಒಂದು ನಿಮಿಷ," ಅಂದಳು. ಗುಂಡುಪಿನ್ನು ತೆಗೆದು, ಹತ್ತೊಂಬತ್ತರ ಕೆಳಗೆ ಇನ್ನೊಂದು ತೂತು ಚುಚ್ಚಿ, ಪಟ್ಟಿಯನ್ನು ಶಾಲಿನಡಿ ಅಮ್ಮನ ಕೈಗಿಟ್ಟಳು.