ಸಿಂಹಾಸನಕ್ಕೆ ಹಾಕಿಸಿದ ಹಲಗೆ

ಹದಿನೆಂಟು ವರ್ಷ ಕಾದ ದುರ್ಯೋಧನನ ಪಾತ್ರ ಕೈಗೆ ಬಂದ ತಿಂಗಳಲ್ಲೇ ಮಹದೇವಸ್ವಾಮಿಗೆ ಆ ಜಾಗದಲ್ಲಿ ಆಪರೇಷನ್ ಆಗಬೇಕೇ! ಕೈಯೋ ಕಾಲೋ ಆಗಿದ್ದರೆ ಪಟ್ಟಿ ಸುತ್ತಿಕೊಂಡು ಊರಿಗೆಲ್ಲ ತೋರಿಸಿಕೊಂಡು ಬರಬಹುದಿತ್ತು. ಇದನ್ನು ಯಾರಿಗೆ ತೋರಿಸುವುದು, ಏನೆಂದು ಹೇಳುವುದು? ಗುದದ್ವಾರದ ಅಂಚಿನಲ್ಲಿ ಸೀಳು ಬಿಟ್ಟು ಒಂದು ವರ್ಷವಾಗಿತ್ತು. ಕಕ್ಕಸಿಗೆ ಹೋದರೆ ಗಾಜಿನ ಚೂರು ಇಳಿದ ಹಾಗಾಗುತ್ತಿತ್ತು, ಜೊತೆಗೆ ರಕ್ತ. ಕೊನೆಗೆ ಡಾಕ್ಟರ್ ಸಮನ್ವಿತಾ, "ಇನ್ನು ಮುಲಾಮಿಗೆ ಬಗ್ಗಲ್ಲ ಇದು, ಫಿಶರ್ ಆಪರೇಷನ್ ಮಾಡಿಬಿಡೋಣ" ಎಂದು ದಿನ ಗೊತ್ತು ಮಾಡಿಯೇಬಿಟ್ಟರು. ಆಪರೇಷನ್ ದಿನಕ್ಕೂ ನಾಟಕಕ್ಕೂ ನಡುವೆ ಇದ್ದದ್ದು ಇಪ್ಪತ್ತನಾಲ್ಕೇ ದಿನ.

ಮಹದೇವಸ್ವಾಮಿ ಹೂಟಗಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಲೇತ್ ಆಪರೇಟರ್. ಅಲ್ಲಿನ ನೌಕರರು ವರ್ಷಕ್ಕೊಂದು ಪೌರಾಣಿಕ ನಾಟಕ ಆಡುತ್ತಾರೆ. ಅದರಲ್ಲಿ ಅವನು ದ್ವಾರಪಾಲಕನಾಗಿ ಈಟಿ ಹಿಡಿದು ನಿಂತಿದ್ದ, ವಿಕರ್ಣನಾಗಿ ಮೂರು ಮಾತಾಡಿದ್ದ, ಐದು ವರ್ಷ ಶಕುನಿಯಾಗಿ ದಾಳ ಉರುಳಿಸಿದ್ದ. ಹಳೆಯ ದುರ್ಯೋಧನ ಈ ವರ್ಷ ರಿಟೈರ್ ಆದ. ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ನಂಜುಂಡಯ್ಯನವರು ಬೆನ್ನು ತಟ್ಟಿ, "ಕಿರೀಟ ನಿಂಗೇ ಕಣೋ ಮಾದೇವ" ಅಂದಾಗ ಅವನಿಗೆ ಅಳುವೇ ಬಂದುಬಿಟ್ಟಿತ್ತು.

ಅಂಥ ಮೇಷ್ಟ್ರ ಹತ್ತಿರ ನಿಜ ಹೇಳಬಹುದಿತ್ತಲ್ಲ? ಹೇಳಲಿಲ್ಲ. ಫ್ಯಾಕ್ಟರಿಯಲ್ಲಿ ಅವನ ವಿಭಾಗದಲ್ಲೇ ಕೃಷ್ಣಪ್ಪ ಎಂಬ ಹಿರಿಯ ಫಿಟ್ಟರ್ ಇದ್ದರು. ಹದಿನೈದು ವರ್ಷದ ಹಿಂದೆ ಮೂಲವ್ಯಾಧಿಗೆ ಆಪರೇಷನ್ ಮಾಡಿಸಿಕೊಂಡಿದ್ದನ್ನು ಬಾಯಿ ತಪ್ಪಿ ಕ್ಯಾಂಟೀನಿನಲ್ಲಿ ಹೇಳಿದರು, ಮುಗಿಯಿತು. ಅವತ್ತಿನಿಂದ ರಿಟೈರ್ ಆಗುವವರೆಗೂ ಅವರು ಪೈಲ್ಸ್ ಕೃಷ್ಣಪ್ಪ. ಬೀಳ್ಕೊಡುಗೆಯ ಬ್ಯಾನರಿನಲ್ಲಿ ಒಂದು ಬರೆಯಲಿಲ್ಲ ಅನ್ನುವುದೇ ಪುಣ್ಯ. ಆದ್ದರಿಂದ ಮಹದೇವಸ್ವಾಮಿ, "ಬೆನ್ನುಮೂಳೆ ಜರುಗ್ಬುಟ್ಟದೆ ಮೇಷ್ಟ್ರೇ, ಒಂದಷ್ಟು ದಿನ ರೆಸ್ಟು" ಎಂದು ಸುಳ್ಳು ಹೇಳಿ ರಜೆ ಹಾಕಿ ವಿದ್ಯಾರಣ್ಯಪುರಂನ ಮನೆಯಲ್ಲಿ ಬೋರಲು ಮಲಗಿದ.

ಆಪರೇಷನ್ ಏನೋ ಅರ್ಧ ಗಂಟೆಯಲ್ಲಿ ಮುಗಿದಿತ್ತು. ಆಮೇಲಿನದಿದೆಯಲ್ಲ, ಅದು ಮಹಾಯುದ್ಧ! ಮೂರನೆಯ ದಿನ ಬೆಳಿಗ್ಗೆ ಮೊದಲ ಸಲ ಕಕ್ಕಸಿಗೆ ಹೋಗಬೇಕಾಯಿತು. ಬಾಗಿಲ ಹೊರಗೆ ಹೆಂಡತಿ ರಾಜಮ್ಮಣಿ, ನರ್ಸಿಂಗ್ ಓದುವ ಮಗಳು ನಯನಾ, ಇಬ್ಬರೂ ಉಸಿರು ಬಿಗಿಹಿಡಿದು ನಿಂತಿದ್ದರು. ಒಳಗೆ ಅವನಿಗೆ ಜೀವ ಬಾಯಿಗೆ ಬಂತು. ಕಿರುಚಿದರೆ ಪಕ್ಕದ ಮನೆಯ ವಸಂತಮ್ಮನವರಿಗೆ ಕೇಳಿಸುತ್ತದೆ, ಕಿರುಚದಿದ್ದರೆ ಪ್ರಾಣ ಹೋಗುತ್ತದೆ. ಏನು ಮಾಡಿಯಾನು? ಕಣ್ಣು ಮುಚ್ಚಿ ದುರ್ಯೋಧನನ ಮಾತನ್ನೇ ಹಿಡಿದುಕೊಂಡ.

"ಎಲವೋ ಭೀಮಾ! ನಿನ್ನ ಗದೆಗೆ ಹೆದರುವನೇ ಈ ಕೌರವೇಶ್ವರ! ಆಆಆ!"

ಹೊರಗೆ ನಯನಾಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕಾಂಪೌಂಡಿನ ಆಚೆಯಿಂದ ವಸಂತಮ್ಮನವರು, "ರಾಜಮ್ಮಣಿ, ಏನ್ ಪ್ರಾಕ್ಟೀಸು ಕಣಮ್ಮ ನಿಮ್ಮೆಜಮಾನ್ರದ್ದು! ಮೈ ಜುಮ್ ಅಂತು" ಎಂದು ಮೆಚ್ಚಿಕೊಂಡರು. ಅವತ್ತಿನಿಂದ ದಿನಾ ಬೆಳಿಗ್ಗೆ ಏಳೂವರೆಗೆ ಆ ಬೀದಿಗೆ ಕುರುಕುಲದ ಆರ್ಭಟ ತಪ್ಪಲಿಲ್ಲ.

ದಿನಕ್ಕೆ ಮೂರು ಸಲ ಪ್ಲಾಸ್ಟಿಕ್ ಟಬ್ಬಿನಲ್ಲಿ ಬೆಚ್ಚನೆಯ ನೀರು ತುಂಬಿ ಅದರಲ್ಲಿ ಕೂರಬೇಕು. ರಾಜಮ್ಮಣಿ ನೀರು ಕಾಯಿಸಿ, ಮೊಣಕೈ ಅದ್ದಿ ಬಿಸಿ ನೋಡಿ ಇಡುತ್ತಿದ್ದಳು. ಅವನು ಅದರಲ್ಲಿ ಕೂತು ಕಂದಪದ್ಯ ಬಾಯಿಪಾಠ ಮಾಡುತ್ತಿದ್ದ, ನಯನಾ ಪುಸ್ತಕ ಹಿಡಿದುಕೊಂಡು ಬಾಗಿಲಾಚೆಯಿಂದ ಮುಂದಿನ ಸಾಲು ಎತ್ತಿಕೊಡುತ್ತಿದ್ದಳು. ಪದ್ಯ ತಾರಕಕ್ಕೆ ಏರಿತೋ, ಹೊಟ್ಟೆ ಬಿಗಿಯುತ್ತಿತ್ತು, ಕೆಳಗೆ ಚುರ್ ಅನ್ನುತ್ತಿತ್ತು. ಆದರೂ ಬಿಡಲಿಲ್ಲ ಆಸಾಮಿ.

ಹಾಡುವುದು ಹೇಗೋ ಆಯಿತು. ಕೂರುವುದು? ಅಲ್ಲೇ ಇದ್ದದ್ದು ಫಜೀತಿ. ಸಂಧಾನಕ್ಕೆ ಕೃಷ್ಣ ಬರುತ್ತಾನೆ. ಅವನು ಬಂದಾಗ ಸಭೆಯಲ್ಲಿ ಯಾರೂ ಏಳಕೂಡದೆಂದು ದುರ್ಯೋಧನನ ಅಪ್ಪಣೆ. ತಾನೂ ಸಿಂಹಾಸನಕ್ಕೆ ಅಂಟಿಕೊಂಡು ಕೂತಿರುತ್ತಾನೆ. ಕೃಷ್ಣ ಹೆಬ್ಬೆರಳಿನಿಂದ ನೆಲ ಒತ್ತುತ್ತಾನೆ, ಸಿಂಹಾಸನ ವಾಲುತ್ತದೆ, ದುರ್ಯೋಧನ ಧೊಪ್ಪನೆ ಅವನ ಕಾಲಿಗೆ ಬೀಳುತ್ತಾನೆ. ಜನ ಟಿಕೆಟ್ ತಗೊಂಡು ಬರುವುದೇ ಈ ಒಂದು ಸೀನಿಗೆ. ಕೂರದ ದುರ್ಯೋಧನ ಬಿದ್ದಾನು ಹೇಗೆ? ಮೇಷ್ಟ್ರು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ನೋಡಪ್ಪ, ಕೂರಕ್ಕಾಯ್ತದೆ ಅಂದ್ರೆ ನೀನು. ಇಲ್ಲಾಂದ್ರೆ ನಿರಂಜನ್‌ಗೆ ಕೊಟ್ಬುಡ್ತೀನಿ, ಅವ್ನು ಮಾತೆಲ್ಲ ಕಲ್ತವ್ನೆ."

ಇಪ್ಪತ್ತನೆಯ ದಿನ ಅವನು ತಾಲೀಮಿಗೆ ಹೋದ. ನಾಟಕದ ಸಿಂಹಾಸನಕ್ಕೆ ಕೆಂಪು ವೆಲ್ವೆಟ್ಟಿನ ಕೆಳಗೆ ಒಂದು ಗೇಣು ದಪ್ಪದ ಸ್ಪಂಜು ಇತ್ತು. ಮೆಲ್ಲಗೆ ಕೂತ. ನಯನಾ ಮೊಬೈಲಿನಲ್ಲಿ ಟೈಮ್ ನೋಡಿದಳು. ಸೀನಿಗೆ ಬೇಕಾದದ್ದು ನಾಲ್ಕು ನಿಮಿಷ. ನಾಲ್ಕೂ ನಿಮಿಷ ಕೂತ! ಬೆವರು ಕಿತ್ತುಕೊಂಡು ಬಂತು, ಆದರೆ ಕೂತ. ಮನೆಗೆ ಬರುವಾಗ ಆಟೋದಲ್ಲಿ ಸೀಟಿನ ತುದಿಗೆ ನೇತುಬಿದ್ದುಕೊಂಡೇ ಪದ್ಯ ಹಾಡಿದ. ಆಟೋದವನು ಎರಡು ಸಲ ತಿರುಗಿ ನೋಡಿದ.

ಆ ಹುಮ್ಮಸ್ಸಿನಲ್ಲೇ ಒಂದು ದಡ್ಡತನ ಮಾಡಿದ. ನಾಟಕದ ದಿನ ಕಕ್ಕಸಿನ ಕಾಟವೇ ಬೇಡವೆಂದು ಎರಡು ದಿನ ಮೊದಲೇ ಊಟ ಬಿಟ್ಟ. ಮುದ್ದೆ ಬೇಡ, ಪರಂಗಿಹಣ್ಣು ಬೇಡ, ನೀರೂ ಅರ್ಧ ಲೋಟ. ರಾಜಮ್ಮಣಿಗೆ ಗೊತ್ತಾದದ್ದೇ ತಡ, ತಟ್ಟೆ ತಂದು ಕುಕ್ಕಿದಳು.

"ಹೊಟ್ಟೆ ಒಣಗಿಸ್ಕೊಂಡ್ರೆ ಒಳ್ಗಡೆ ಕಲ್ಲಾಯ್ತದೆ ಕಣ್ರೀ! ಆಮೇಲೆ ಹೊಲಿಗೆ ಬಿಚ್ಕೊಂಡ್ರೆ ಯಾವ ಕಿರೀಟ ಕಾಪಾಡ್ತದೆ? ತಿನ್ನಿ. ಇಸಬ್‌ಗೋಲು ಕಲಸಿವ್ನಿ, ಕುಡೀರಿ."

"ನಿಂಗೇನ್ ಗೊತ್ತು ಆ ನೋವು?" ಎಂದು ಅವನು ರೇಗಿದ. ರಾಜಮ್ಮಣಿ ಲೋಟ ಖಾಲಿಯಾಗುವ ತನಕ ಎದುರಿಗೇ ನಿಂತಿದ್ದಳು.

ಭಾನುವಾರ ಬಂತು! ಬೆಳಿಗ್ಗೆ ಹತ್ತೂವರೆಗೆ ನಾಟಕ. ರಂಗಮಂದಿರ ಕಿಕ್ಕಿರಿದು ತುಂಬಿತ್ತು. ಕಿರೀಟ, ಭುಜಕೀರ್ತಿ, ಕಿವಿಯವರೆಗೂ ತಿರುವಿದ ಮೀಸೆ! ಕನ್ನಡಿಯಲ್ಲಿ ತನ್ನನ್ನೇ ನೋಡಿ ಮಹದೇವಸ್ವಾಮಿಯ ಎದೆ ಡವಡವ ಹೊಡೆದುಕೊಂಡಿತು. ಮೊದಲ ಸೀನಿನಲ್ಲಿ ಅವನು ತೊಡೆ ತಟ್ಟಿದ ಸದ್ದಿಗೇ ಶಿಳ್ಳೆ ಬಿತ್ತು. ಅವನಿಗೆ ಮೈಯೆಲ್ಲ ರೋಮಾಂಚನ, ನೋವೂ ನೆನಪಾಗಲಿಲ್ಲ.

ಆಮೇಲೆ ಪರದೆ ಎದ್ದಿತು, ರಾಜಸಭೆ. ದುರ್ಯೋಧನ ಗಂಭೀರವಾಗಿ ನಡೆದು ಬಂದು, ಮೀಸೆ ತಿರುವಿ, ಸಿಂಹಾಸನದ ಮೇಲೆ ಕೂತ.

ಅಯ್ಯೋ ಶಿವನೇ! ಸ್ಪಂಜೆಲ್ಲಿ? ವೆಲ್ವೆಟ್ಟಿನ ಕೆಳಗೆ ಗಟ್ಟಿ ಮರ! ಬೆನ್ನಿನ ಹುರಿಯಲ್ಲಿ ಬೆಂಕಿ ಓಡಿ ನೆತ್ತಿಗೆ ಮುಟ್ಟಿತು. ಎದ್ದುಬಿಡೋಣವೆಂದರೆ ಕೃಷ್ಣನ ವೇಷದ ಲೋಕೇಶ್ ಆಗಲೇ ಕೊಳಲು ಹಿಡಿದು ಬಂದಾಗಿದೆ. ಈಗ ಎದ್ದರೆ ಕೃಷ್ಣನಿಗೆ ಎದ್ದು ನಿಂತು ಮರ್ಯಾದೆ ಕೊಟ್ಟ ಹಾಗೆ, ಕಥೆಯೇ ಮಣ್ಣುಪಾಲು. ಮಹದೇವಸ್ವಾಮಿ ಸಿಂಹಾಸನದ ಎರಡೂ ಕೈಗಳನ್ನು ಹಿಡಿದು ಹಲ್ಲು ಕಚ್ಚಿದ. ಕಣ್ಣಿನಿಂದ ನೀರು ಬಣ್ಣ ಕೊಚ್ಚಿಕೊಂಡು ಇಳಿಯಿತು.

"ಏಳೆನು! ದನ ಕಾಯುವವನಿಗೆ ಈ ದೊರೆ ಏಳನು! ಪ್ರಾಣ ಹೋದರೂ ಏಳನು!"

ಆ ದನಿ ಎಲ್ಲಿಂದ ಬಂತೋ, ಇಡೀ ರಂಗಮಂದಿರ ನಡುಗಿತು. ಲೋಕೇಶನ ಪದ್ಯ ಅವತ್ತು ಮುಗಿಯುವ ಹಾಗೇ ಕಾಣಲಿಲ್ಲ. ಒಂದೊಂದು ಆಲಾಪನೆಗೂ ಇವನ ಮುಖ ಕೆಂಪಾಗಿ ಕಪ್ಪಾಯಿತು. ಕೊನೆಗೆ ಕೃಷ್ಣ ಹೆಬ್ಬೆರಳು ಒತ್ತಿದ, ಹಿಂದಿನಿಂದ ಇಬ್ಬರು ಸಿಂಹಾಸನ ಎತ್ತಿದರು, ದುರ್ಯೋಧನ "ಅಮ್ಮಾ!" ಎಂದು ಮೊಣಕಾಲ ಮೇಲೆ ಬಿದ್ದ.

ಜನ ಹುಚ್ಚೆದ್ದು ಹೋದರು. ಕುರ್ಚಿ ಬಿಟ್ಟು ಎದ್ದರು. "ಒನ್ಸ್ ಮೋರ್! ಒನ್ಸ್ ಮೋರ್!"

ಒನ್ಸ್ ಮೋರ್ ಎಂದರೆ ಮತ್ತೆ ಆಡಲೇಬೇಕು. ಆಡದಿದ್ದರೆ ಸಭೆಗೆ ಅವಮಾನ, ಅದು ನಾಟಕದವರ ಕಟ್ಟಳೆ. ಮತ್ತೆ ಮೊದಲಿಂದ ಬರಲು ಕೃಷ್ಣ ಆಗಲೇ ಪರದೆಯ ಮರೆಗೆ ಓಡಿದ್ದ. ನಂಜುಂಡಯ್ಯನವರು ಹಾರ್ಮೋನಿಯಂನಲ್ಲಿ ರಾಗ ಎತ್ತಿಯೇಬಿಟ್ಟಿದ್ದರು. ಮಹದೇವಸ್ವಾಮಿ ಮೇಷ್ಟ್ರ ಹತ್ತಿರ ಬಗ್ಗಿ, "ಆಗಕಿಲ್ಲ ಮೇಷ್ಟ್ರೇ, ಮರ ಅದೆ ಅದ್ರಲ್ಲಿ" ಎಂದು ಪಿಸುಗುಟ್ಟಿದ.

ಮೇಷ್ಟ್ರ ಮುಖ ಅರಳಿತು. "ನಾನೇ ಹಾಕ್ಸಿದ್ದು ಕಣೋ! ಬೆನ್ನುಮೂಳೆ ಜರುಗಿರೋರು ಮೆತ್ತಗಿರೋದ್ರ ಮೇಲೆ ಕೂರ್ಬಾರ್ದು. ನಿನ್ನೆ ಬಡಗಿ ಕರೆಸಿ ಸ್ಪಂಜು ಕಿತ್ತಾಕ್ಸಿ ಹೊನ್ನೆ ಹಲ್ಗೆ ಹೊಡೆಸ್ದೆ. ಹೋಗು, ಕೂತ್ಕೋ ಹೋಗು!"

ಅವನು ಸಿಂಹಾಸನ ನೋಡಿದ. ತಾನು ಹೇಳಿದ ಸುಳ್ಳೇ ಹಲಗೆಯಾಗಿ ಅಲ್ಲಿ ಕೂತಿತ್ತು. ಇನ್ನೊಂದು ಸಲ ಕೂತರೆ ಮುಂದಿನ ಸೀನೂ ಇಲ್ಲ, ಗದಾಯುದ್ಧವೂ ಇಲ್ಲ, ನೇರ ಆಸ್ಪತ್ರೆ. ಕೂರುವುದಿಲ್ಲ ಅಂದರೆ ನಿರಂಜನ್ ಕಿರೀಟಕ್ಕೆ ತಲೆ ಒಡ್ಡಿಕೊಂಡು ಸೈಡ್ ವಿಂಗಿನಲ್ಲೇ ನಿಂತಿದ್ದಾನೆ. ನಿಜ ಹೇಳಿದರೆ ಎದುರಿಗೆ ಇಡೀ ಫ್ಯಾಕ್ಟರಿ ಕೂತಿದೆ. ಥತ್, ಏನಾದರೂ ಆಗಲಿ! ಮಹದೇವಸ್ವಾಮಿ ಮೈಕಿನ ಮುಂದೆ ಬಂದು ಕೈ ಮುಗಿದ.

"ಮಹಾಜನಗಳೇ, ನಂಗೆ ಬೆನ್ನುನೋವಿಲ್ಲ. ಎಲ್ರಿಗೂ ಸುಳ್ಳು ಹೇಳ್ಬುಟ್ಟೆ. ಫಿಶರ್ ಅಂತಾರೆ, ಕಕ್ಕಸು ಹೋಗೋ ಜಾಗ ಸೀಳ್ಕೊಂಡಿತ್ತು. ಇಪ್ಪತ್ನಾಲ್ಕು ದಿನ ಆಯ್ತು ಆಪರೇಷನ್ ಆಗಿ. ಒಂದ್ಸಲ ಹೆಂಗೋ ಕೂತೆ. ಇನ್ನೊಂದ್ಸಲ ಕೂತ್ರೆ ಸತ್ತೋಯ್ತೀನಿ. ನಿಂತ್ಕೊಂಡು ಎಷ್ಟ್ ಬೇಕಾದ್ರೂ ಹಾಡ್ತೀನಿ. ದಯವಿಟ್ಟು ಕ್ಷಮಿಸ್ಬೇಕು."

ಹಾರ್ಮೋನಿಯಂ ನಿಂತಿತು. ಮಹದೇವಸ್ವಾಮಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ನರೆತ ತಲೆಯ ಒಬ್ಬರು ಎದ್ದು ನಿಂತರು.

"ಭಲೇ ಮಾದೇವ! ನಾನು ಪೈಲ್ಸ್ ಕೃಷ್ಣಪ್ಪ ಕಣೋ! ಅದ್ನ ಮೈಕಲ್ಲಿ ಹೇಳೋ ಗಂಡು ಇವತ್ತು ಹುಟ್ದ!"

ಮೊದಲು ಒಂದು ನಗು, ಆಮೇಲೆ ಚಪ್ಪಾಳೆ, ಆಮೇಲೆ ಎರಡೂ ಸೇರಿ ಸೂರು ಹಾರಿಹೋಗುವ ಹಾಗೆ! ಲೋಕೇಶ್ ನೀಲಿ ಮುಖ ಹೊತ್ತು ಓಡಿ ಬಂದು ಸಿಂಹಾಸನ ಏರಿ ಕೂತೇಬಿಟ್ಟ.

"ಕುರುರಾಯ, ಇವತ್ತೊಂದಿನ ನಾನು ಕೂರ್ತೀನಿ, ನೀನು ಬೆರಳು ಒತ್ತು. ನಾನು ಬೀಳ್ತೀನಿ!"

"ಪುರಾಣನೇ ಉಲ್ಟಾ ಮಾಡ್ಬುಟ್ರಲ್ರೋ!" ಎಂದು ಗೋಳಾಡುತ್ತಲೇ ಮೇಷ್ಟ್ರು ಹಾರ್ಮೋನಿಯಂ ಒತ್ತಿದರು. ದುರ್ಯೋಧನ ನಿಂತು ಪದ್ಯ ಹಾಡಿ ಹೆಬ್ಬೆರಳು ಒತ್ತಿದ, ಶ್ರೀಕೃಷ್ಣ ಪರಮಾತ್ಮ ನವಿಲುಗರಿ ಸಮೇತ ಉರುಳಿ ಅವನ ಕಾಲಿಗೆ ಬಿದ್ದ. ಜನ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಿಕ್ಕ ನಾಟಕವನ್ನೆಲ್ಲ ಮಹದೇವಸ್ವಾಮಿ ಹಕ್ಕಿಯ ಹಾಗೆ ಹಗುರಾಗಿ ಆಡಿದ.

ಮುಗಿದ ಮೇಲೆ ಬಣ್ಣದ ಕೋಣೆಯ ಮುಂದೆ ಜನ ಸೇರಿದರು. ಹಾರ ಹಾಕಲು ಬಂದಿದ್ದಾರೆಂದು ಅವನು ಎದೆ ಸೆಟೆಸಿ ನಿಂತ. ಮೊದಲು ಬಂದ ಸೆಕ್ಯೂರಿಟಿ ಗಾರ್ಡ್ ಹಾರ ಕೊಡಲಿಲ್ಲ, ಕಿವಿಯ ಹತ್ತಿರ ಬಗ್ಗಿ, "ಅಣ್ಣಾ, ನೋವು ಎಷ್ಟು ದಿನ ಇರ್ತದೆ? ನಂಗೂ ರಕ್ತ ಬತ್ತದೆ" ಎಂದ. ಅವನ ಹಿಂದೆ ಹೆಲ್ಮೆಟ್ ಹಿಡಿದ ಒಬ್ಬ. ಅವನ ಹಿಂದೆ ಒಬ್ಬರು ತಾತ. ಒಬ್ಬೊಬ್ಬರದೂ ಪಿಸುಮಾತು. ಮಹದೇವಸ್ವಾಮಿಗೆ ಉಕ್ಕಿ ಬಂದ ಉತ್ಸಾಹ ಹೇಳತೀರದು. ಬೆಚ್ಚನೆ ನೀರು, ಇಸಬ್‌ಗೋಲು, ತಿಣುಕಬಾರದು, ಮುಚ್ಚಿಡಬಾರದು ಎಂದು ಗಟ್ಟಿಯಾಗಿ ಹೇಳಿದ್ದೇ ಹೇಳಿದ್ದು. ನಯನಾ ಡಾಕ್ಟರ ನಂಬರನ್ನು ಚೀಟಿಯ ಮೇಲೆ ಬರೆದು ಹಂಚಿದಳು.

ಚೀಟಿ ಪಡೆದವರೆಲ್ಲ ಹೋದ ಮೇಲೂ ಬಾಗಿಲಲ್ಲಿ ಒಬ್ಬರು ನಿಂತಿದ್ದರು. ನೋಡಿದರೆ ರಾಜಮ್ಮಣಿ.

"ನೀರು ತಂದ್ಯಾ?" ಎಂದ, ಒಂದು ಕಡೆಯ ಮೀಸೆ ಕೀಳುತ್ತ.

ಅವಳು ಇಲ್ಲವೆಂದು ತಲೆಯಾಡಿಸಿದಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ, "ನಂಗೂ ಒಂದು ಚೀಟಿ ಕೊಡ್ಸಿ" ಎಂದಳು.

"ಯಾರಿಗೆ? ವಸಂತಮ್ಮೋರಿಗಾ?"

"ನಂಗೇ ಕಣ್ರೀ. ನಯನಾ ಹುಟ್ದಾಗ್ಲಿಂದ ಅದೆ. ಹತ್ತೊಂಬತ್ತು ವರ್ಸ ಆಯ್ತು."

ಮಹದೇವಸ್ವಾಮಿಯ ಕೈ ಮೀಸೆಯ ಮೇಲೇ ನಿಂತುಹೋಯಿತು. ತಾನು ಇಪ್ಪತ್ತನಾಲ್ಕು ದಿನ ಬೀದಿಗೆಲ್ಲ ಕೇಳುವಂತೆ ಕೂಗಿದ್ದ. ಇವಳು ಹತ್ತೊಂಬತ್ತು ವರ್ಷ ಅದೇ ಬಾಗಿಲ ಒಳಗೆ ಸೆರಗು ಕಚ್ಚಿಕೊಂಡು ಕೂತು, ಎದ್ದು ಬಂದು ದೋಸೆ ಹುಯ್ದು ಡಬ್ಬಿ ಕಟ್ಟಿ ಕಳಿಸಿದ್ದಳು. ಇನ್ನು ಒಂದು ಗಳಿಗೆಯೂ ತಡ ಮಾಡಬಾರದೆಂಬ ಆತುರ ಒದ್ದುಕೊಂಡು ಬಂತು.

"ನಯನಾ, ಫೋನ್ ತಾರೇ!"

ಡಾಕ್ಟರ್ ಸಮನ್ವಿತಾ ಫೋನ್ ಎತ್ತಿ, "ಮಹದೇವಸ್ವಾಮಿ, ಏನಾಯ್ತು? ಹೊಲಿಗೆ ಬಿಚ್ಚಿತಾ?" ಎಂದು ಗಾಬರಿಯಾದರು.

"ನಂಗಲ್ಲ ಮೇಡಂ! ನಮ್ಮನೆಯವ್ರಿಗೆ! ನಾಳೆ ಬೆಳಿಗ್ಗೆ ಫಸ್ಟ್ ಟೋಕನ್ ಇವಳದ್ದೇ ಆಗ್ಬೇಕು!"

"ಏನು ತೊಂದರೆ?"

ಮಹದೇವಸ್ವಾಮಿ ಹೆಂಡತಿಯ ಮುಖ ನೋಡಿದ. ಕೋಣೆಯಲ್ಲಿ ಲೋಕೇಶ್ ಇದ್ದ, ನಿರಂಜನ್ ಇದ್ದ, ಹಾರ್ಮೋನಿಯಂ ಪೆಟ್ಟಿಗೆ ಮುಚ್ಚುತ್ತ ಮೇಷ್ಟ್ರೂ ಇದ್ದರು. ರಾಜಮ್ಮಣಿ ಅವನ ಕೈಯಿಂದ ಫೋನ್ ತೆಗೆದುಕೊಂಡಳು.

"ಫಿಶರ್ ಮೇಡಂ," ಎಂದಳು, ಎಲ್ಲರಿಗೂ ಕೇಳುವಂತೆ.